ಹಾಲಿನ ವಹಿ

ಬುಧವಾರ ರಾತ್ರಿ ಒಂಬತ್ತಕ್ಕ ಕಿಟಕಿ ಹಾಕತೀವಿ.
ಜಲನಗರಕ್ಕ ಕಿವಿ ಕಡಿಮಿ, ಮೂಗು ಭಾಳ.
ಚನಮಲ್ಲ ಲೈನ್‌ಮನ್. ಬೂಚಿನ್ಯಾಗ ಇಸ್ಕ್ರೂ ತಿರುವಿ
ಕಂಬದ ಮ್ಯಾಲೆ ತಂತಿ ಜಗ್ಗೋ ಅದೇ ಪಕ್ಕಡದಿಂದ ಜಗ್ಗತಾನ.
'ಟಪ್' ಅಂದ ಕೂಡ್ಲೆ ಇಬ್ಬರೂ ಕೆಮ್ಮತೀವಿ,
ಮಗ್ಗಲ ಮನಿಗೆ ಕೆಮ್ಮಷ್ಟೇ ಕೇಳಲಿ ಅಂತ.

ಮದುವ್ಯಾಗ ಬಂದ ಆರು ಗಾಜಿನ ಲೋಟದಾಗ
ಉಳಿದದ್ದು ಎರಡು.
ಸ್ಟೀಲಿನ್ಯಾಗ ಕುಡಿದ್ರ ಸ್ಟೀಲಿಂದೇ ರುಚಿ,
ಇದು ನಾವು ಕಲಿತ ಮೊದಲ ಪಾಠ.
ಎರಡನೇದು, ನಮ್ಮ ಬಾಟ್ಲಿ ಮುನ್ನೂರರ ಒಳಗಿಂದು,
ಅದರ ಮುಂದ ಭಾಳ ಗಂಭೀರ ಮಾರಿ ಮಾಡಬಾರದು.

ಬಾಟ್ಲಿ ಬೆನ್ನಿಗೆ ಬರದಿರತದ: ಚೆರ್ರಿ, ಓಕ್ ಕಟಿಗಿ, ವೆನಿಲಾ.
ಚೆರ್ರಿ ನಾ ಕಂಡದ್ದು ಕೇಕಿನ ಮ್ಯಾಲೆ,
ಅದೂ ಬಣ್ಣ ಬಳದ ಕವಳಿಹಣ್ಣು.
ಓಕ್ ಗಿಡ ಅಂತೂ ಇಷ್ಟು ವರ್ಷದಾಗ
ಚನಮಲ್ಲನ ತಂತಿ ಮ್ಯಾಲೆ ಒಂದೂ ಬಿದ್ದಿಲ್ಲ.
ಹಂಗಾಗಿ ನಮ್ಮ ಮಾತಿನ್ಯಾಗ ಬರಕೋತೀವಿ.
ಕೈಗೆ ಸಿಕ್ಕದ್ದು ಹಾಲಿನ ವಹಿ,
ತಾರೀಖಿನ ಮುಂದ ಖಾಲಿ ಜಾಗಾ ಭಾಳ.

ಟಿಕೋಟಾದ ಕೆಂಪು: ನೇರಳಿಹಣ್ಣು ತಿಂದ ನಾಲಗಿ.
ಎರಿಮಣ್ಣಿಗೆ ಮೊದಲ ಹನಿ ಬಿದ್ದಾಗಿನ ಉಸಿರು.
ಎಣ್ಣಿಗಾಯಿಗೆ ಛಲೋ ಜೋಡಿ,
ಬದನಿಕಾಯಿ ಹೊಟ್ಟ್ಯಾಗಿನ ಗುರೆಳ್ಳು
ಅದರ ಒಗರನ್ನ ಉಡಿಯಾಗ ಕಟಗೊಂಡು ಹೋಗತದ.
ರಂಜಕದ ಮುಂದ ಮಾತ್ರ ತರಬ್ಯಾಡ್ರಿ.
ಬಾಯಾಗ ಬೆಂಕಿ ಹತ್ತಿದಾಗ
ವೈನು ನೀರಲ್ಲ, ಸೀಮಿಎಣ್ಣಿ.

ಬಿಳೀದು: ನಿಂಬಿ ಸಿಪ್ಪಿ ಉಗುರಿಲೆ ಕೆರದಂಗ.
ಜುಣಕದ ವಡಿ ಇನ್ನೂ ಬಿಸಿ ಇದ್ದಾಗ,
ಮ್ಯಾಲೆ ಕೊತ್ತಂಬರಿ, ಕೊಬ್ರಿ, ಒಂದು ಗುಟುಕು,
ಚನಮಲ್ಲ ಅರ್ಧ ತಾಸು ಮಾತಾಡಲಿಲ್ಲ.
(ಅವ ಹಂಗ ಸುಮ್ಮನಾದದ್ದು ನಮ್ಮ ಮಗಳು ಹುಟ್ಟಿದಾಗ ಒಮ್ಮೆ.)

ಗುಲಾಬಿ ಬಣ್ಣದ್ದು: ಯಾರ ಕೂಡಾನೂ ಜಗಳಿಲ್ಲ,
ಯಾರ ಕೂಡಾನೂ ಗೆಳೆತನಿಲ್ಲ,
ನಮ್ಮ ದೊಡ್ಡ ಭಾವ ಇದ್ದಂಗ.

ಹೋದ ಬುಧವಾರ ಅತ್ತಿ ಎದ್ದು ಬಂದಳು.
ನಾವು ಲೋಟ ಮುಚ್ಚಿದ್ದು ಹಪ್ಪಳದ ಬುಟ್ಟಿಲೆ, ಕಾಣ್ತಿತ್ತು.
ನಿಂಗವ್ವ ಕುಡಿಯಂಗಿಲ್ಲ, ಬೈಲೂ ಇಲ್ಲ.
ಹದಿನೆಂಟು ವರ್ಷ ಪಡದಾಗ ನಿಂತು
ದ್ರಾಕ್ಷಿ ಗೊನಿ ಕತ್ತರಿಸಿದ ಹೆಂಗಸು.
ಲೋಟ ಎತ್ತಿ ಮೂಗಿಗೆ ಹಿಡದು
'ಅವಸರಕ್ಕ ಹರದ ಹಣ್ಣು,' ಅಂದಳು,
'ಇನ್ನ ಎಂಟು ದಿನಾ ಬಳ್ಳಿಗೆ ಬಿಡಬೇಕಿತ್ತು.'
ಡಬ್ಬಿಯಿಂದ ಕಡಕ ರೊಟ್ಟಿ ತಗದು, ಮುರದು,
ಕೆನಿಮೊಸರು, ಶೇಂಗಾ ಹಿಂಡಿ ಮುಂದಿಟ್ಟು
'ಇದರ ಕೂಡ ನೋಡ್ರಿ, ಬಡವನ ತಪ್ಪು ಮುಚ್ಚತದ' ಅಂದು
ಹೋಗಿ ಮಲಕೊಂಡಳು.

ಖರೇನ ಮುಚ್ಚಿತು.
ಆದ್ರೂ ಹತ್ತಕ್ಕ ಏಳು ಕೊಟ್ಟ ಮಾರ್ಕು ಐದಕ್ಕ ಇಳಿಸಿ
ನಾ ಬರದೆ: 'ತುಸು ನೀರ ನೀರ. ಒಗರು.
ಹೆಸರಿಗಷ್ಟೇ ಛಲೋ.'

ಮುಂಜಾನೆ ಆರಕ್ಕ ಮೌಲಾಲಿ
ಕ್ಯಾನ ಕೆಳಗಿಟ್ಟು ವಹಿ ತೆರದಾಂವ
ಓದಿದ. ಮತ್ತೊಮ್ಮೆ ಓದಿದ.
'ಅಕ್ಕಾರ, ಹನ್ನೊಂದು ವರ್ಷಾತು ಈ ಬಾಗಲಿಗೆ ಬರಾಕ.
ನೀರ ನೀರ?
ಬರ್ರಿ, ನನ್ನ ಎಮ್ಮಿ ಮುಂದ ನಿಂತು ಹೇಳ್ರಿ.'

ಏನ ಹೇಳಲಿ?
ಚನಮಲ್ಲ ಪಕ್ಕಡ ಹುಡುಕೂ ನೆವದಾಗ ಹಿತ್ತಲಕ್ಕ ಹೋದ.
ಅತ್ತಿ ಸೆರಗು ಬಾಯಿಗೊತ್ತಿ ನಗಾಕ್ಹತ್ತಿದ್ದಳು.
'ಹಾಲಿಂದಲ್ಲೋ ಮೌಲಾ,' ಅಂದೆ, 'ಅದು ಬ್ಯಾರೆ ಲೆಕ್ಕ.'

ಅವ ಹಿಂದಿನ ಹಾಳಿ ತಿರುವಿದ.
ನೇರಳಿಹಣ್ಣು, ಎರಿಮಣ್ಣು, ದೊಡ್ಡ ಭಾವ.
ಒಮ್ಮೆ ಮೂಗು ಎಳದ, ಅಡಗಿಮನಿ ಕಡೆ.
ಏನೂ ಕೇಳಲಿಲ್ಲ.
ಕಿವಿಯಾಗಿನ ಪೆನ್ಸಿಲ್ ತಗದು
ಇವತ್ತಿನ ತಾರೀಖಿನ ಮುಂದ ತಾನೇ ಬರದ:

ಒಂದು ಲೀಟರ. ದಪ್ಪ. ತುದಿಗೆ ಸಿಹಿ.
ಎಲ್ಲಾದಕ್ಕೂ ಹೊಂದತದ.