ಕರೆ

ನನ್ನ ಕೆಲಸ ಸಣ್ಣದು.
ಮಂಜೊಟ್ಟಿಯ ಬುಡದಲ್ಲಿ ಎರಡು ಕಂಬ ನೆಟ್ಟು
ನಡುವೆ ಒಂದು ಕೆಂಪು ಬೆಳಕಿನ ನೂಲು ಕಟ್ಟುತ್ತೇನೆ.
ಕೋಣದ ಮೂಗು ತಾಗಿದರೆ ನೂಲು ಕಡಿಯುತ್ತದೆ,
ಗಡಿಯಾರ ನಿಲ್ಲುತ್ತದೆ.
ಸೆಕೆಂಡನ್ನು ನೂರು ಹೋಳು ಮಾಡಿದರೆ
ಅದರ ಒಂದು ಹೋಳಿಗೆ ಒಬ್ಬ ಯಜಮಾನ ಅಳುತ್ತಾನೆ,
ಇನ್ನೊಬ್ಬ ಪಟಾಕಿ ಹೊಡೆಸುತ್ತಾನೆ.
ಜಗಳಕ್ಕೆ ಬಂದವರಿಗೆ ಪರದೆ ತೋರಿಸುತ್ತೇನೆ, ಅಷ್ಟೆ.
ನನ್ನ ಮನೆ ಎಲ್ಲಿ ಎಂದು ಪರದೆ ಹೇಳುವುದಿಲ್ಲ.

ನಿನ್ನೆ ರಾತ್ರಿ ಮನೆಯಲ್ಲೇ ಇದ್ದೆ.
ಶಿರ್ವದಿಂದ ಒಳಗೆ, ರಬ್ಬರ್ ಗುಡ್ಡದ ಆಚೆ,
ನಮ್ಮ ಕಾಲನಿಯ ಮೈದಾನದಲ್ಲಿ ಹಬ್ಬ.
ಹನ್ನೊಂದು ಡೋಲಿನ ತಂಡ. ಕುಂದಾಪುರದವರು ಟೆಂಪೋದಲ್ಲಿ,
ಮಂಜೇಶ್ವರದವರು ಕೊನೆಯ ಬಸ್ಸಿನಲ್ಲಿ,
ಡೋಲಿಗೂ ಅರ್ಧ ಟಿಕೆಟು ಕೊಟ್ಟು.
ಬುಟ್ಟಿ ನೇಯುವ ಪಂದ್ಯಕ್ಕೆ ನನ್ನದೇ ಗಡಿಯಾರ;
ಬೊಗ್ರು ಮಾಮನ ಬೆರಳಿಗೆ ಅದು ಸಾಲಲಿಲ್ಲ.
ಮಕ್ಕಳಿಗೆ ಗೋಣಿಚೀಲದ ಓಟ.
ಗೆದ್ದವಳಿಗೆ ಸ್ಟೀಲ್ ಬೋಗುಣಿ,
ಸೋತವರಿಗೆಲ್ಲ ಚರುಂಬುರಿ.

ಈ ರಾತ್ರಿಯೇ ಯಾಕೆ ಎಂದು
ತಿಂಗಳ ಹಿಂದೆ ಸಂಘದ ಸಭೆಯಲ್ಲಿ ಕುರ್ಚಿ ಮುರಿದಿತ್ತು.
ಕಂಬಳದ ಹಿಂದಿನ ರಾತ್ರಿಗೆ ಒಂದು ಹೆಸರಿತ್ತು,
ಪನಿಕುಲ್ಲುನಿ: ಇಬ್ಬನಿಯಲ್ಲಿ ಕೂರುವುದು.
ಕೂರಿಸಿದವರು ಒಳಗೆ, ಹೊದ್ದು.
ಕೂತವರು ಗದ್ದೆಯ ಬದುವಿನಲ್ಲಿ. ಡೋಲು ನಿಲ್ಲಬಾರದು.
ನಿಂತರೆ ಕತ್ತಲಿನಿಂದ ಒಂದು ಬೈಗುಳ.
"ಆ ರಾತ್ರಿಯ ಸುದ್ದಿಯೇ ಬೇಡ" ಎಂದ ಎಂ.ಎ. ಓದಿದ ಪುರಂದರ.
ಕರ್ಗಿ ಅಜ್ಜಿ ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದು
ಕೇಳಿದಳು: "ಪನಿ ಅವರಪ್ಪನದ್ದಾ?"
ಸಭೆ ಮುಗಿಯಿತು.

ಹಾಗೆ ಕೂತೆವು ನಿನ್ನೆ, ನಮ್ಮ ಕುರ್ಚಿಗಳಲ್ಲಿ,
ಬಾಡಿಗೆಯ ಶಾಮಿಯಾನವನ್ನು ಬೇಕೆಂದೇ ಬಿಚ್ಚಿಸಿ.
ಚಳಿಗೆ ಸಡಿಲಾದ ಚರ್ಮವನ್ನು
ತೆಂಗಿನಗರಿಯ ಬೆಂಕಿಗೆ ಹಿಡಿದು ಬಿಗಿ ಮಾಡಿ ಮತ್ತೆ
ಡುಡುಂ ಡುಂಕು, ಡುಡುಂ ಡುಂಕು,
ಲೋಟದ ಚಹಾದಲ್ಲಿ ಉಂಗುರ ಏಳುವ ಹಾಗೆ.
ದಣಿದಾಗ ನಿಲ್ಲಿಸಿದೆವು.
ಇನ್ನೊಮ್ಮೆ ಹೇಳುತ್ತೇನೆ:
ದಣಿದಾಗ, ನಿಲ್ಲಿಸಿದೆವು.

ಬೆಳಿಗ್ಗೆ ಗುರ್ವಜ್ಜ ನನ್ನ ಸ್ಕೂಟರಿನ ಹಿಂದೆ ಕೂತು ಬಂದ.
ತಂತಿ ಎಳೆದೆ, ಕಂಬ ನಿಲ್ಲಿಸಿದೆ.
ಪರೀಕ್ಷೆಗೆ ಯಾರಾದರೂ ಒಮ್ಮೆ ಹಾಯಬೇಕು.
ಓಟಗಾರರು ಇನ್ನೂ ತಿಂಡಿಯ ಮುಂದೆ,
ಮೈಕಿನವ ಹಲೋ ಹಲೋ ಎನ್ನುತ್ತಿದ್ದ.
"ನಾನು ಹೋಗುತ್ತೇನೆ" ಎಂದ ಅಜ್ಜ.
ಬೇಡ ಅಂದೆ. ಬೇಡ ಯಾಕೆಂದು ಇಬ್ಬರಿಗೂ ಗೊತ್ತು:
ಹದಿನಾರರಲ್ಲಿ ಇದೇ ಗದ್ದೆಯಲ್ಲಿ
ಕೋಣಗಳ ಮೊದಲು ಅವನನ್ನು ಓಡಿಸಿದ್ದರು,
ಗಾಜಿದ್ದರೆ, ಮುಳ್ಳಿದ್ದರೆ
ಅವನ ಕಾಲಿಗೇ ತಿಳಿಯಲಿ ಎಂದು.
ಗೊರಸಿಗೆ ಬೆಲೆಯಿತ್ತು.
ಎಷ್ಟು ಸೆಕೆಂಡಿನಲ್ಲಿ ಓಡಿದ, ಯಾರೂ ಅಳೆಯಲಿಲ್ಲ.

ಯಾರೂ ಕರೆಯದೆ ಕರೆಗೆ ಇಳಿದ.
ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ.
ಓಡಲಿಲ್ಲ.
ಸೊಂಟಕ್ಕೆ ಕೈಕೊಟ್ಟು, ತೋಟ ಕೊಳ್ಳಲು ಬಂದವನ ಹಾಗೆ
ಕೆಸರು ಕೆದಕುತ್ತ,
ನಡುವೆ ನಿಂತು ಒಂದು ಕೊಕ್ಕರೆಯನ್ನು ಪೂರ್ತಿ ನೋಡಿ,
ಬಗ್ಗಿ ಏನನ್ನೋ ಎತ್ತಿ ಜೇಬಿಗೆ ಹಾಕಿ
ಬಂದ.
ನೂಲು ಕಡಿಯಿತು.
ಪರದೆಯ ಮೇಲೆ ಆರು ನಿಮಿಷ, ನಲವತ್ತೊಂದು ಸೆಕೆಂಡು, ಸೊನ್ನೆ ಎಂಟು.
"ಇದು ಯಾರ ಮನೆಯ ಜೋಡಿ ಮಾರಾಯ್ರೇ?" ಎಂದ ಮೈಕಿನವ.
ಇದ್ದ ಏಳೆಂಟು ಜನ ನಕ್ಕರು. ಅಜ್ಜನೂ ನಕ್ಕ.
ನಾನು ಹೆಸರು ಹೊಡೆದೆ,
ಮನೆತನದ ಜಾಗದಲ್ಲಿ ಕಾಲನಿಯ ಹೆಸರು,
ಅಳಿಸಲಿಲ್ಲ.

ಈಗ ಮಧ್ಯಾಹ್ನ. ನೇಗಿಲು ಕಿರಿಯ, ಮೂರನೇ ಸುತ್ತು.
ನೀರಿನ ಗೋಡೆ ಎಬ್ಬಿಸಿಕೊಂಡು ಕೋಣಗಳು ಬರುವಾಗ
ನಾನೂ ಎದ್ದು ನಿಲ್ಲುತ್ತೇನೆ. ಸುಳ್ಳು ಯಾಕೆ,
ನನಗೆ ಕಂಬಳ ಇಷ್ಟ.
ಅಜ್ಜ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟದ್ದು
ಒಡೆದ ಸೋಡಾ ಬಾಟಲಿಯ ತಳ,
ಹಸಿರು, ದಪ್ಪ, ಅಂಚು ಇನ್ನೂ ಚೂಪು.
ಫಲಿತಾಂಶದ ಹಾಳೆಗಳು ಗಾಳಿಗೆ ಹಾರದಂತೆ
ಅದನ್ನೇ ಹೇರಿದ್ದೇನೆ.