ಎಂಟು ಕಡ್ಡಿ

ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಕೆಳಗೆ,
ಎರಡು ಡ್ರಮ್ಮಿನ ನಡುವಿನ ಹಲಗೆಯ ಮೇಲೆ
ಬೋರಲು ಬಿದ್ದಿತ್ತು ದೇಚಮ್ಮನವರ ಜೀಪಿನ ಹೆಡ್ಡು.
ವಾಲ್ವುಗಳನ್ನು ಪೇಸ್ಟು ಹಚ್ಚಿ ತಿರುವಿ ತಿರುವಿ
ಕಾಕನ ಅಂಗೈ ಬೂದಿಯ ಬಣ್ಣ.
ಮೇಲೆ ಸೀಮೆಎಣ್ಣೆ ಸುರಿದು ಕಾದೆವು.
ಒಂದು ಬೀಡಿ ಮುಗಿಯುವ ತನಕ
ಒಂದು ಹನಿಯೂ ಕೆಳಗಿಳಿಯಲಿಲ್ಲ.
"ಕೂತಿತು" ಎಂದರು, ಮಗು ಮಲಗಿದ ಮನೆಯಲ್ಲಿ
ಹೇಳಿದ ಹಾಗೆ.

ಸ್ಪ್ರಿಂಗನ್ನು ಅವರು ಒತ್ತಿ ಹಿಡಿದರು.
ಲಾಕು ಇಡುವುದು ನಾನು, ನನ್ನ ಬೆರಳು ಸಣ್ಣದು.
ಕಡಲೆಸಿಪ್ಪೆಯ ಅರ್ಧದಷ್ಟು ಒಂದೊಂದು ಚೂರು,
ಕಿರುಬೆರಳ ತುದಿಯ ಗ್ರೀಸಿಗೆ ಅಂಟಿಸಿ
ಕಾಂಡದ ಕುತ್ತಿಗೆಗೆ ಎರಡು ಕಡೆಯಿಂದ.
"ಹಾರಿದರೆ ಹಾರಂಗಿವರೆಗೆ ಹುಡುಕಬೇಕು ಮೋಳೇ."
ಉಸಿರು ಬಿಡಲಿಲ್ಲ ನಾನು, ಹದಿನಾರು ಸಲ.

ಪುಶ್‌ರಾಡಿಗೆ ನಾವು ಕಡ್ಡಿ ಎನ್ನುತ್ತೇವೆ.
ಬಿಸ್ಕೆಟ್ ಪೆಟ್ಟಿಗೆಯ ರಟ್ಟಿಗೆ ಎಂಟು ತೂತು,
ಪಕ್ಕದಲ್ಲಿ ಪೆನ್ನಿನ ಅಂಕಿ.
ಕಾಕನ ಪಾಠ ಒಂದೇ:
ಕೂಡಿ ತೇಯ್ದದ್ದನ್ನು ಬೇರೆ ಮಾಡಬಾರದು.

ಶುಕ್ರವಾರ, ಅವರು ಜುಮ್ಮಾಕ್ಕೆ ಹೋಗಿದ್ದಾಗ
ನನ್ನ ಮೊಣಕೈ ತಾಗಿತು.
ಐದು ತೂತಿನಲ್ಲೇ ಉಳಿದವು,
ಮೂರು ಸಿಮೆಂಟಿನ ಮೇಲೆ ಉರುಳಿದವು, ನಕ್ಕ ಹಾಗೆ.
ಖಾಲಿ ಇದ್ದದ್ದು ಮೂರು, ಐದು, ಆರು.
ಬೆಳಕಿಗೆ ಹಿಡಿದೆ, ಉಗುರಿನಿಂದ ತಡವಿದೆ,
ಕೊನೆಗೆ ಕಣ್ಣು ಮುಚ್ಚಿ ಇಟ್ಟೆ.
ಹೇಳಲಿಲ್ಲ.

ಮಧ್ಯಾಹ್ನ ರಾಕರು ಬಿಗಿದೆವು. ಅವರ ಮಂತ್ರ:
ಒಂದು, ಮೂರು, ನಾಲ್ಕು, ಎರಡು.
ನಾಲ್ಕನೆಯದು ತೂಗುವಾಗ ಒಂದನೆಯದನ್ನು ಮುಟ್ಟು.
ಫಿಲ್ಲರಿನ ಎಲೆ ಸಂದಿನಲ್ಲಿ ಹೇಗೆ ಎಳೆಯಬೇಕು ಗೊತ್ತೇ,
ಕಾಗದದ ಕಟ್ಟಿನ ನಡುವಿನ ಹಾಳೆಯಂತೆ,
ಬರಬೇಕು, ಸ್ವಲ್ಪ ಬೇಡವೆನ್ನಬೇಕು.

ಈಗ ಹೇಳಬೇಕಾದ ಮಾತು:
ಕಾಕನ ಕಿವಿ ಹೋಗಿ ನಾಲ್ಕು ವರ್ಷ.
ರೋಸ್ಲಿಯನ್ನು ಕೆಲಸಕ್ಕಿಟ್ಟದ್ದು ಕೈಗಲ್ಲ, ಕಿವಿಗೆ.
ಜೀಪು ಸ್ಟಾರ್ಟಾಯಿತು.
ಟಿಕ್, ಟಿಕ್, ಗೋಡೆಯೊಳಗೆ ಯಾರೋ
ಬಳೆ ತಟ್ಟಿದ ಹಾಗೆ.
"ಹೇಗುಂಟು?" ಎಂದು ಹುಬ್ಬೆತ್ತಿದರು.
ಹೆಬ್ಬೆರಳು ತೋರಿಸಿದೆ.

ಅವರು ಉದ್ದದ ಸ್ಕ್ರೂಡ್ರೈವರ್ ತೆಗೆದು
ತುದಿಯನ್ನು ಕವರಿನ ಮೇಲಿಟ್ಟು
ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು.
ಕಣ್ಣು ಮುಚ್ಚಿತ್ತು. ಹಿಂದಿನಿಂದ ಮುಂದಕ್ಕೆ
ಒಂದೊಂದೇ ಗೇಣು ಸರಿದರು.
ನನ್ನ ಬೆನ್ನಲ್ಲಿ ಬೆವರು.
ಇಂಜಿನ್ ಆರಿಸಿ, ಬಾಯಿ ಒರೆಸಿಕೊಂಡು:
"ಮೂರೂ ಆರೂ ಮನೆ ಬದಲಿಸಿವೆ.
ಐದು ಮಾತ್ರ ಸರಿಯಾಗಿ ಊಹಿಸಿದ್ದಿ."

ಬೈಯಲಿಲ್ಲ. ಬೈದಿದ್ದರೆ ಆಗಿತ್ತು.
ಕವರು ಬಿಚ್ಚಿ, ಎರಡನ್ನು ಅದಲುಬದಲು ಮಾಡಿ,
ಮತ್ತೆ ಒಂದು, ಮೂರು, ನಾಲ್ಕು, ಎರಡು.
ಕತ್ತಲಾಗಿತ್ತು. ದೇಚಮ್ಮನವರು ಎರಡು ಸಲ ಫೋನು ಮಾಡಿದ್ದರು,
ಕಾಫಿ ಮೂಟೆ ಅಂಗಳದಲ್ಲಿ ಕಾಯುತ್ತಿತ್ತು.
ಆಮೇಲೆ ಸ್ಕ್ರೂಡ್ರೈವರನ್ನು ಲುಂಗಿಗೆ ಒರೆಸಿ
ನನ್ನ ಕೈಗಿತ್ತರು.
ಕಚ್ಚಿದೆ. ಹಳೆ ಆಯಿಲಿನ, ಬೀಡಿಯ ರುಚಿ.
ದವಡೆಯೊಳಗೆ ಎಂಟು ಜನ
ಬರಿಗಾಲಲ್ಲಿ ಏಣಿ ಹತ್ತಿ ಇಳಿಯುತ್ತಿದ್ದರು,
ಯಾರೂ ಯಾರನ್ನೂ ತುಳಿಯದೆ.

ಬೋಯಿಕೇರಿ ಏರನ್ನು ಜೀಪು
ಎರಡನೇ ಗೇರಿನಲ್ಲೇ ಹತ್ತಿತು ಎಂದು ಆಮೇಲೆ ಕೇಳಿದೆ.
ಸೋಮವಾರ ಬಂದಾಗ ಬೇರೆ ಹೆಡ್ಡು ಬಿಚ್ಚಿತ್ತು.
ಅದರ ಎಂಟು ಕಡ್ಡಿಯ ರಟ್ಟಿನ ಸುತ್ತ
ಎರಡು ರಬ್ಬರ್ ಬ್ಯಾಂಡ್.