ಕೊಸರು

ಲಟಕುಂಗಾದ ನೋಟರಿ ಕಚೇರಿಯ ಹೊರಗೆ
ಮೂವತ್ತೊಂದು ವರ್ಷದಿಂದ ಇದೇ ಮೇಜು, ಇದೇ ಕೊಡೆ, ಇದೇ ಟೈಪ್‌ರೈಟರ್.
ಪುಟಕ್ಕೆ ಒಂದು ಡಾಲರ್.
ಅಳುತ್ತ ಬಂದವರಿಗೆ ಮುಕ್ಕಾಲು.

ಮೊದಲು ಸವೆದದ್ದು ಜಿ ಕೀಲಿ.
ಗ್ರಾಸಿಯಸ್ ಶುರುವಾಗುವುದೇ ಅಲ್ಲಿಂದ.
ಆ ಮಾತನ್ನು ಇಲ್ಲಿ ಯಾರೂ ಏಕವಚನದಲ್ಲಿ ಆಡುವುದಿಲ್ಲ,
ಒಂದೇ ಒಂದು ಯಾರಿಗೆ ಸಾಲುತ್ತದೆ?

ಗುರುವಾರ ಸೊಯ್ಲಾ ಚಿಲುಯಿಸಾ ಬಂದಳು,
ಬೆನ್ನಿನ ಗಂಟಿನಲ್ಲಿ ಮಾರಿ ಉಳಿದ ಆಲೂಗಡ್ಡೆ.
'ಆಸ್ಪತ್ರೆಯ ನರ್ಸಿಗೆ ಬರೆಯಬೇಕು.
ನನ್ನ ಮುದುಕ ಹೋದ ರಾತ್ರಿ
ಅವನ ಉಗುರು ಕತ್ತರಿಸಿದಳು. ಯಾರೂ ಹೇಳಿರಲಿಲ್ಲ.
ಒಂದೊಂದಾಗಿ, ಹತ್ತೂ.'

'ವಯಸ್ಸು?'
'ನನ್ನ ಮೊಮ್ಮಗಳಷ್ಟು.'
'ಹಾಗಾದರೆ ನೀನು ಅಂತ ಬರೆಯಲೆ?'
ಅವಳು ನೋಡಿದ ನೋಟಕ್ಕೆ ನನ್ನ ಬೆರಳು ಹಿಂದೆ ಸರಿಯಿತು.
'ತಾವು ಅಂತ ಬರೀರಿ.'

ನನ್ನ ಹತ್ತಿರ ಮಾತಿಗೇನು ಬರ.
'ಮುಂಗಡವಾಗಿ ತಮಗೆ ಆಭಾರಿ' ಎಂದೆ.
'ಮುಂಗಡ ಯಾಕೆ? ಅವನು ಸತ್ತಾಯಿತಲ್ಲ.'
'ಎಂದೆಂದೂ ತಮ್ಮ ವಿಧೇಯಳು' ಎಂದೆ.
'ಅವನಿಗೇ ಆಗಿರಲಿಲ್ಲ ನಾನು.'

ಆಮೇಲೆ, ನನಗಲ್ಲ, ಯಂತ್ರಕ್ಕೆ ಹೇಳುವವಳಂತೆ ಬಾಗಿ:
'ದಿಯೋಸ್ ಲೆ ಪಾಗೆ.
ದೇವರು ತಮಗೆ ತೀರಿಸಲಿ. ಅಷ್ಟೇ.'

ಕೈಯಲ್ಲಿ ಕಾಸಿಲ್ಲದವರು ಆಕಾಶದ ಮೇಲೆ ಬರೆಯುವ ಹುಂಡಿ ಅದು
ಎಂದೇ ನನ್ನ ಎಣಿಕೆ ಇಷ್ಟು ವರ್ಷ.
ಮುಖದಲ್ಲಿ ಕಂಡಿತೇನೋ.
'ನನ್ನಿಂದ ತೀರುವಂಥದ್ದಾದರೆ ನಾನೇ ತೀರಿಸುತ್ತಿದ್ದೆ ಸ್ವಾಮಿ.
ತಕ್ಕಡಿ ಹಿಡಿದವಳು. ತೂಕ ಗೊತ್ತು.'

ಒಂದು ಸಾಲು. ಉಳಿದ ಹಾಳೆಯೆಲ್ಲ ಬಿಳಿ,
ಕೊತೊಪಾಕ್ಸಿಯ ಹಿಮದ ಹಾಗೆ, ಅರ್ಧ ಮೋಡದಲ್ಲಿ.
ಓದು ಬಾರದವಳು ಬೆರಳಾಡಿಸಿ ಹೇಳಿದಳು:
'ಇಲ್ಲೊಂದು ಹಲ್ಲು ಬಿದ್ದಿದೆ.'
ಜಿ ಮೂಡಿರಲಿಲ್ಲ. ಪೆನ್ನಿನಲ್ಲಿ ತುಂಬಿದೆ.

ಡಾಲರ್ ಕೊಟ್ಟಳು. ಪೂರಾ ಒಂದು;
ಅತ್ತಿರಲಿಲ್ಲವಲ್ಲ.
ಗಂಟು ಬಿಚ್ಚಿ ಎರಡು ಆಲೂಗಡ್ಡೆ ಮೇಜಿನ ಮೇಲಿಟ್ಟಳು,
ಮೈಗೆ ಮಣ್ಣು ಮೆತ್ತಿದವು.
'ಇದು ಯಾತಕ್ಕೆ?'
'ಯಾಪಾ.'
ಕೊಸರು. ಅಳೆದು ಮುಗಿದ ಮೇಲೆ ಅಳೆಯದೆ ಕೊಡುವುದು.

ಬಾಯಿ ತೆರೆದೆ.
ಎಷ್ಟು ಸಾವಿರ ಸಲ ಕುಟ್ಟಿದ ಮಾತು,
ಊರವರ ಪರವಾಗಿ, ವಕೀಲರ ಪರವಾಗಿ,
ಜೈಲಿನಲ್ಲಿದ್ದವನ ತಾಯಿಯ ಪರವಾಗಿ.
ನನ್ನ ಪರವಾಗಿ ಹುಡುಕಿದರೆ
ನಾಲಿಗೆಯ ಮೇಲೂ ಆ ಕೀಲಿ ಸವೆದಿತ್ತು.
'ದೇವರು...' ಎಂದೆ, ನಿಂತೆ.
ಅವಳು ಆಗಲೇ ಬಸ್ಸಿನ ಕಡೆ, ತಿರುಗದೆ:
'ದೆ ನಾದಾ.' ಏನಿಲ್ಲ, ಏನಿಲ್ಲ.

ಸಂಜೆ ಎರಡನ್ನೂ ಬೇಯಲಿಟ್ಟು
ಉಗುರು ನೋಡಿಕೊಂಡೆ.
ಶಾಯಿ ಕಟ್ಟಿ ಕಪ್ಪಾಗಿದ್ದವು,
ಹತ್ತೂ.